ಡಿಜೆ ಬೇಡ ಅನ್ನಬೇಡಿ, ಪೆನ್‌ಡ್ರೈವ್ ಬೇಡ ಅನ್ನಿ

ಗೌರಿ ಗಣೇಶ ಹಬ್ಬ ಬಂತೆಂದರೆ ನಮ್ಮ ಕಡೆ ಒಂದೇ ಜಗಳ. ಹಾಸನದಲ್ಲೂ ಅದೇ, ಹೊಳೆನರಸೀಪುರದಲ್ಲೂ ಅದೇ, ಅರಕಲಗೂಡು, ಚನ್ನರಾಯಪಟ್ಟಣದಲ್ಲೂ ಅದೇ. ಹುಡುಗರು ಡಿಜೆ ಬೇಕೇ ಬೇಕು ಅಂತಾರೆ. ಹಿರಿಯರು 'ಈ ಮಿಷನ್ ಬಂದು ಸಂಸ್ಕೃತಿ ಹಾಳಾಯ್ತು' ಅಂತಾರೆ. ರಾತ್ರಿ ಪೊಲೀಸರು ಬಂದು ನಿಲ್ಲಿಸುತ್ತಾರೆ. ಬೆಳಗಾದರೆ ಎಲ್ಲರೂ ಮರೆಯುತ್ತಾರೆ, ಮುಂದಿನ ವರ್ಷದವರೆಗೆ.

ಈ ನಾಲ್ಕೂ ಕಡೆಯ ಮೆರವಣಿಗೆಗಳಲ್ಲಿ ನಾವೂ ಕುಣಿದವರೇ. ಕುಣಿದು ಮನೆಗೆ ಬಂದು, ಕಿವಿಯಲ್ಲಿ ಗುಂಯ್ ಅನ್ನುತ್ತಾ ನಿದ್ದೆ ಬಾರದೆ ಒದ್ದಾಡಿದವರು. ಅದಕ್ಕೇ ಹೇಳುತ್ತೇವೆ: ಎರಡೂ ಕಡೆಯವರದು ತಪ್ಪು ಲೆಕ್ಕ. ತಪ್ಪು ಮಿಷನ್ನಿನದಲ್ಲ. ಅದರ ಮೇಲೆ ಕೈ ಇಡುವವರೇ ಇಲ್ಲದಿರುವುದು ತಪ್ಪು.

ಒಂದು ಮಿಷನ್ ಕತೆ ಕೇಳಿ. ಹೆಸರು ಟಿಬಿ-303. ಜಪಾನಿನ ರೋಲ್ಯಾಂಡ್ ಕಂಪನಿ 1981ರಲ್ಲಿ ಮಾರುಕಟ್ಟೆಗೆ ಬಿಟ್ಟ ಬಾಸ್ ಸಿಂಥಸೈಜರ್. ಸಿಂಥಸೈಜರ್ ಎಂದರೆ ಕರೆಂಟಿನಿಂದಲೇ ಸ್ವರ ಹುಟ್ಟಿಸುವ ವಾದ್ಯ, ನಮ್ಮ ಆರ್ಕೆಸ್ಟ್ರಾ ಕೀಬೋರ್ಡಿನ ಕುಲದ್ದೇ. ಇದು ಒಂದಡಿ ಅಗಲ, ಸುಮಾರು ಒಂದು ಕೆ.ಜಿ. ತೂಕ, ಬ್ಯಾಟರಿ ಸೆಲ್ ಹಾಕಿದರೂ ನುಡಿಯುತ್ತದೆ. ಒಬ್ಬನೇ ಕೂತು ಗಿಟಾರ್ ಅಭ್ಯಾಸ ಮಾಡುವವನಿಗೆ ಹಿಂದಿನಿಂದ ಬಾಸ್ ಗಿಟಾರ್ ನುಡಿಸಿದ ಹಾಗಿರಲಿ ಅಂತ ಮಾಡಿದ್ದು.

ಆದರೆ ಅದರ ದನಿ ಬಾಸ್ ಗಿಟಾರಿನ ಹಾಗೆ ಇರಲೇ ಇಲ್ಲ. ಸ್ವರ ಒಂದು ಸಲ, ಅದರ ಲೆಕ್ಕ ಇನ್ನೊಂದು ಸಲ ತುಂಬಬೇಕು, ತಲೆನೋವು. ಯಾರೂ ಕೊಳ್ಳಲಿಲ್ಲ. ಸುಮಾರು 10,000 ಮಾಡಿ 1984ರಲ್ಲಿ ಕಂಪನಿ ಕೈಬಿಟ್ಟಿತು. ಹಳೇ ಸಾಮಾನಿನ ಅಂಗಡಿಗೆ ಬಂತು.

ಅಲ್ಲಿಂದಲೇ ಅದರ ನಿಜವಾದ ಬದುಕು ಶುರು. ಅಮೆರಿಕದ ಶಿಕಾಗೋದ ಕಪ್ಪು ಸಮುದಾಯದ ಹುಡುಗರು, ಫ್ಯೂಚರ್ ಎಂಬ ತಂಡದವರು, ಒಂದನ್ನು ಅಗ್ಗಕ್ಕೆ ಕೊಂಡರು. ನುಡಿಸುವುದು ಹೇಗೆ ಅಂತ ಹೇಳಿಕೊಡುವವರಿಲ್ಲ. ಮಿಷನ್ ತನ್ನ ಪಾಡಿಗೆ ತಿರುಗುತ್ತಿರುವಾಗಲೇ ಮೇಲಿದ್ದ ತಿರುಪುಗಳನ್ನು ತಿರುಗಿಸಿದರು. ದನಿ ಕಿರುಚಿತು, ನೀರಿನ ಹಾಗೆ ಗುಳುಗುಳು ಅಂದಿತು, ಮತ್ತೆ ಮೆತ್ತಗಾಯಿತು. ಅದೇ 1987ರಲ್ಲಿ 'ಆಸಿಡ್ ಟ್ರ್ಯಾಕ್ಸ್' ಎಂಬ ರೆಕಾರ್ಡಾಗಿ ಬಂತು. ಆಸಿಡ್ ಹೌಸ್ ಎಂಬ ಹೊಸ ಕುಣಿತದ ಸಂಗೀತವೇ ಹುಟ್ಟಿತು. ಕಂಪನಿ ಕೈಬಿಟ್ಟು 40 ವರ್ಷ ದಾಟಿದೆ. ಜನ ಇವತ್ತಿಗೂ ಆ ದನಿಗೆ ಕುಣಿಯುತ್ತಾರೆ. ಹಳೇ ಮಿಷನ್ನಿಗೆ ಈಗ ಚಿನ್ನದ ಬೆಲೆ.

'ಅಮೆರಿಕದ ಕತೆ ನಮಗ್ಯಾಕೆ' ಅನ್ನಬೇಡಿ. ಆ ಹುಡುಗರಿಗಿಂತ ಐದು ವರ್ಷ ಮೊದಲೇ, 1982ರಲ್ಲಿ, ಮುಂಬೈಯಲ್ಲಿ ಹಿಂದಿ ಸಿನಿಮಾ ಹಾಡುಗಳಿಗೆ ನುಡಿಸುತ್ತಿದ್ದ ಚರಣ್‌ಜಿತ್ ಸಿಂಗ್ ಇದೇ ಟಿಬಿ-303 ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಕೂರಿಸಿದ್ದರು. ಭೂಪಾಲಿ, ಮಾಲ್‌ಕೌಂಸ್ ಎಲ್ಲ ಇವೆ. ನಮ್ಮ ಕಡೆ ಮೋಹನ, ಹಿಂದೋಳ ಅಂತೀವಲ್ಲ, ಅವೇ. ಆಗ ಯಾರೂ ಕೇಳಲಿಲ್ಲ. 2010ರಲ್ಲಿ ನೆದರ್‌ಲ್ಯಾಂಡ್ಸ್‌ನವರೊಬ್ಬರು ಅದನ್ನು ಹುಡುಕಿ ಮತ್ತೆ ಹೊರತಂದಾಗ ಪ್ರಪಂಚ ಬೆರಗಾಯಿತು. 2015ರಲ್ಲಿ ಅವರು ತೀರಿಕೊಂಡರು.

ಈ ಮಿಷನ್ನಿನಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಸುವ ಅನುಕೂಲ ಇದೆ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದವರಿಗೆ 'ಜಾರು' ಅಂದರೆ ಏನೆಂದು ನಾವು ಹೇಳಿಕೊಡಬೇಕೇ? ಆರ್.ಕೆ. ಶ್ರೀಕಂಠನ್ ಅಂಥವರು ಹುಟ್ಟಿದ ಊರು, ಕಾವೇರಿ ದಡದಲ್ಲಿ ತಂಬೂರಿ ಆಕಾರದ ಮಂದಿರ ಇರುವ ಊರು ಅದು. ಮಿಷನ್ ಬಂದರೆ ರಾಗ ಸಾಯುತ್ತದೆ ಅನ್ನುವವರು ಚರಣ್‌ಜಿತ್ ಸಿಂಗ್ ಅವರನ್ನು ಒಮ್ಮೆ ಕೇಳಿ, ಆಮೇಲೆ ಮಾತಾಡಿ.

ಹಾಗಾದರೆ ನಮ್ಮ ಡಿಜೆ ಏನು ಮಾಡುತ್ತಾನೆ? ಲಾರಿ ತುಂಬ ಬಾಕ್ಸ್ ಜೋಡಿಸುತ್ತಾನೆ. ಪೆನ್‌ಡ್ರೈವ್ ಚುಚ್ಚುತ್ತಾನೆ. ಬೀಡಿ ಹಚ್ಚುತ್ತಾನೆ. ಆಮೇಲೆ ಅವನಿಗಿರುವ ಕೆಲಸ ವಾಲ್ಯೂಮ್ ಏರಿಸುವುದೊಂದೇ. ಸಮಿತಿಯವರೂ 'ಎಷ್ಟು ಬಾಕ್ಸ್' ಅಂತ ಕೇಳುತ್ತಾರೆಯೇ ಹೊರತು 'ಏನು ನುಡಿಸ್ತೀಯಾ' ಅಂತ ಕೇಳುವುದಿಲ್ಲ. ಪಕ್ಕದ ಬೀದಿಯವರು ಹತ್ತು ಬಾಕ್ಸ್ ತಂದರೆ ನಾವು ಹದಿನೈದು!

303 ಕೂಡ ಒಂದೇ ತುಣುಕನ್ನು ತಿರುಗಾ ಮುರುಗಾ ನುಡಿಸುವ ಮಿಷನ್ನೇ ಅಲ್ಲವೇ ಎಂದು ಕೇಳಬಹುದು. ಹೌದು. ಬಾಸ್ ಎದೆಗೆ ಬಡಿದರೇ ಕುಣಿಯುವ ಮಜಾ ಎಂಬುದೂ ಒಂದಿಷ್ಟು ನಿಜ. ಆದರೆ ಶಿಕಾಗೋದಲ್ಲಿ ಮಿಷನ್ ತಿರುಗುತ್ತಿದ್ದರೂ ಒಂದು ಕೈ ತಿರುಪಿನ ಮೇಲೆ ಇತ್ತು, ಒಂದು ಕಿವಿ ಕುಣಿಯುವವರ ಕಡೆ ಇತ್ತು. ಆ ದನಿ ಇಷ್ಟು ವರ್ಷ ಬಾಳಿದ್ದು ಜೋರಾಗಿದ್ದಕ್ಕಲ್ಲ, ಗಳಿಗೆ ಗಳಿಗೆಗೂ ಬದಲಾಗಿದ್ದಕ್ಕೆ. ತಮಟೆಯವರು ಮಾಡುವುದೂ ಇದೇ: ಪೆಟ್ಟು ಅದೇ, ಕುಣಿಯುವವರ ಕಾಲು ನೋಡಿ ಬಿಗಿ ಮಾಡುತ್ತಾರೆ, ಸಡಿಲ ಬಿಡುತ್ತಾರೆ.

ತಮಟೆ ಅಂದೆವಲ್ಲ, ಹಿರಿಯರಿಗೂ ಒಂದು ಮಾತು. 'ತಮಟೆ ತರಿಸಿ, ಸಂಸ್ಕೃತಿ ಉಳಿಸಿ' ಅನ್ನುತ್ತೀರಿ. ಬಾರಿಸಿದವರನ್ನು ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕೂರಿಸಿಕೊಳ್ಳುತ್ತೀರಾ? ಬಾಕ್ಸಿನವನಿಗೆ ಅಡ್ವಾನ್ಸ್ ಕೊಟ್ಟು, ತಮಟೆಯವರಿಗೆ ಕೊನೆಯಲ್ಲಿ ಚಿಲ್ಲರೆ ಎಣಿಸುವುದು ಯಾವ ಸಂಸ್ಕೃತಿ? ಅವರ ಮಕ್ಕಳು ತಮಟೆ ಕೆಳಗಿಟ್ಟರೆ ನಾವು ಅವರನ್ನು ದೂರುವುದಿಲ್ಲ.

ಹಬ್ಬದ ಸಮಿತಿಗಳಿಗೆ ನಮ್ಮದು ಮೂರೇ ಬೇಡಿಕೆ. ಒಂದು, ಅರ್ಧ ಬಾಕ್ಸ್ ಇಳಿಸಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ನಿರ್ಬಂಧ ಇರುವುದು 2000ನೇ ಇಸವಿಯ ಕಾನೂನು, ಪೊಲೀಸರ ಮರ್ಜಿಯಲ್ಲ. ಎರಡು, ಉಳಿದ ದುಡ್ಡನ್ನು ಕೈಯಲ್ಲಿ ನುಡಿಸುವವರಿಗೆ ಕೊಡಿ: ತಮಟೆ, ಓಲಗ, ಚಿಟ್ಟಿಮೇಳ, ಕೀಬೋರ್ಡ್, ಯಾವುದಾದರೂ ಸರಿ. ಮೂರು, ಮೊಬೈಲಿನಲ್ಲಿ ಬೀಟ್ ಕಟ್ಟುವ ಹುಡುಗ ಹುಡುಗಿಯರಿಗೆ 'ಕೆಲಸಕ್ಕೆ ಬಾರದ್ದು' ಅನ್ನಬೇಡಿ. 303ರ ದನಿ ಕೊಡುವ ಆ್ಯಪ್‌ಗಳು ಈಗ ಫೋನಿನಲ್ಲೇ ಇವೆ. ಒಂದು ಸಂಜೆ ಅವರನ್ನೂ ತಮಟೆಯವರನ್ನೂ ಒಂದೇ ವೇದಿಕೆಗೆ ಹತ್ತಿಸಿ ನೋಡಿ.

ಇವತ್ತು ರಾತ್ರಿ ಇಯರ್‌ಫೋನ್ ಹಾಕಿಕೊಂಡು ಯೂಟ್ಯೂಬಿನಲ್ಲಿ ಚರಣ್‌ಜಿತ್ ಸಿಂಗ್ ಅಂತ ಹುಡುಕಿ. ಕೇಳಿ ಮುಗಿದ ಮೇಲೆ ನಿಮ್ಮೂರ ಸಮಿತಿಯವರಿಗೂ ಕಳಿಸಿ. ಮುಂದಿನ ಗಣೇಶನ ಹೊತ್ತಿಗೆ ಡಿಜೆ ಬೇಕಾ ಬೇಡವಾ ಅನ್ನುವ ಜಗಳ ಬಿಟ್ಟು, ನುಡಿಸುವವರು ಯಾರು ಅಂತ ಕೇಳೋಣ.