ಗ್ರಾಹಕನೇ ಕೊಯ್ಯುವ ತೋಟ: ವ್ಯಾಪಾರಿಗೆ ನಷ್ಟವೇ?

ಮಂಗಳೂರಿನ ಅಂಗಡಿಗಳಲ್ಲಿ ಮಾರಾಟವಾಗುವ ತರಕಾರಿಯ ಬಹುಪಾಲು ಘಟ್ಟದ ಮೇಲಿನಿಂದ ಬರುತ್ತದೆ. ಮಳೆಗಾಲದಲ್ಲಿ ಶಿರಾಡಿಯಲ್ಲಿ ಗುಡ್ಡ ಜರಿದು ಸಂಚಾರ ನಿಂತರೆ ಅದರ ಬಿಸಿ ಇಲ್ಲಿನ ದರಪಟ್ಟಿಗೆ ತಟ್ಟುತ್ತದೆ. 2020ರಲ್ಲಿ ಸೆಂಟ್ರಲ್ ಮಾರ್ಕೆಟ್ಟಿನ ಸಗಟು ವ್ಯಾಪಾರ ಬೈಕಂಪಾಡಿಯ ಎಪಿಎಂಸಿ ಪ್ರಾಂಗಣಕ್ಕೆ ಸ್ಥಳಾಂತರಗೊಂಡ ನಂತರವೂ ಈ ಅವಲಂಬನೆ ಹಾಗೆಯೇ ಉಳಿದಿದೆ. ಇದೇ ವೇಳೆ ನಗರದ ಹೊರವಲಯದ ಹಿತ್ತಿಲುಗಳಲ್ಲಿ ಹಲಸು, ಪೇರಳೆ, ಚಿಕ್ಕುಗಳು ಕೊಯ್ಯುವವರಿಲ್ಲದೆ ಮರದಡಿಯಲ್ಲಿ ಕೊಳೆಯುತ್ತವೆ. ಬೆಳೆ ಇದೆ, ಕೊಳ್ಳುವವರೂ ಇದ್ದಾರೆ. ಇವೆರಡರ ನಡುವೆ ಆಳಿನ ಕೂಲಿಯೊಂದು ಗೋಡೆಯಾಗಿ ನಿಂತಿದೆ.

ಈ ಗೋಡೆಯನ್ನು ದಾಟುವ ಉಪಾಯವೊಂದು ಅಮೆರಿಕದಲ್ಲಿ 1930 ಮತ್ತು 1940ರ ದಶಕಗಳಲ್ಲಿಯೇ ರೂಢಿಗೆ ಬಂತು. ಆರ್ಥಿಕ ಕುಸಿತದ ಕಾಲದಲ್ಲಿ ಹಣ್ಣಿನ ಬೆಲೆ ಕೊಯ್ಲಿನ ಖರ್ಚಿಗೂ ಸಾಲದೆ ಹೋದಾಗ ರೈತರು ತೋಟದ ಬಾಗಿಲು ತೆರೆದು, ಗ್ರಾಹಕರೇ ಕೊಯ್ದು ತೂಗಿಸಿ ಹಣ ಕೊಟ್ಟು ಹೋಗುವ ಪದ್ಧತಿಯನ್ನು ಅನುಸರಿಸಿದರು. ನಮ್ಮ ರಾಜ್ಯಕ್ಕೂ ಇದು ತೀರಾ ಅಪರಿಚಿತವಲ್ಲ. ಕರ್ನಾಟಕ ರಾಜ್ಯ ಮಾವು ಅಭಿವೃದ್ಧಿ ಮತ್ತು ಮಾರುಕಟ್ಟೆ ನಿಗಮವು ಕಳೆದ ದಶಕದಲ್ಲಿ ಬೆಂಗಳೂರಿನ ಗ್ರಾಹಕರನ್ನು ಬಸ್ಸಿನಲ್ಲಿ ಮಾವಿನ ತೋಪುಗಳಿಗೆ ಕರೆದೊಯ್ದು, ಅಲ್ಲಿಯೇ ಹಣ್ಣು ಕೊಯ್ದು ಕೊಳ್ಳುವ ಪ್ರವಾಸಗಳನ್ನು ಏರ್ಪಡಿಸಿತ್ತು. ದಕ್ಷಿಣ ಕನ್ನಡದಲ್ಲಿ ಮೂಡುಬಿದಿರೆ ಸಮೀಪದ ಸೋನ್ಸ್ ಕುಟುಂಬದ ತೋಟವು ಅನಾನಸು, ರಂಬುಟಾನ್ ಮತ್ತು ಬಗೆಬಗೆಯ ಬಿದಿರುಗಳಿಂದ ಹೆಸರು ಪಡೆದು ಸಂದರ್ಶಕರನ್ನು ಸೆಳೆದಿದೆ. ತೋಟ ನೋಡಲು ಜನ ಬರುತ್ತಾರೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಎಲ್ಲ ಬೆಳೆಯೂ ಈ ಪದ್ಧತಿಗೆ ಒಗ್ಗದು. ಅಡಿಕೆ, ತೆಂಗುಗಳ ಮಾತೇ ಬೇರೆ. ಮರ ಹತ್ತುವ ಕೆಲಸವನ್ನು ಗ್ರಾಹಕನಿಗೆ ಬಿಡಲಾಗದು. ಬೆಂಡೆ, ಅಲಸಂಡೆ, ಹೀರೆ, ಮುಳ್ಳುಸೌತೆ, ಬಸಳೆ, ಹರಿವೆಗಳು ಕೈಗೆಟಕುವ ಬೆಳೆಗಳು. ಊರಿನ ತರಕಾರಿಗೆ ಅತಿ ಹೆಚ್ಚು ಬೇಡಿಕೆ ಇರುವುದು ಅಷ್ಟಮಿ, ಚೌತಿ ಹಾಗೂ ಸೆಪ್ಟೆಂಬರ್ 8ರ ತೆನೆಹಬ್ಬದ ದಿನಗಳಲ್ಲಿ. ಆ ಕೆಲವು ವಾರಗಳನ್ನಷ್ಟೇ ಗುರಿಯಾಗಿಟ್ಟುಕೊಂಡರೂ ಸಣ್ಣ ತೋಟವೊಂದಕ್ಕೆ ಒಳ್ಳೆಯ ಆರಂಭವಾದೀತು. ಆದರೆ ಅದೇ ಮಳೆಯ ಕಾಲವೂ ಹೌದು. ಕೆಸರಿಲ್ಲದ ಕಾಲುದಾರಿ, ವಾಹನ ನಿಲುಗಡೆ, ಶೌಚಾಲಯ, ಸೂರು ಇವುಗಳಿಗೆ ಮೊದಲೇ ಬಂಡವಾಳ ಹೂಡಬೇಕು.

ಕೊಯ್ಲಿನ ಕೂಲಿ, ಸಾಗಾಟ, ಕಮಿಷನ್ ಉಳಿಯಿತೆಂದು ಅಷ್ಟೂ ಲಾಭವೆಂದು ತಿಳಿಯುವುದು ತಪ್ಪು. ಅನುಭವವಿಲ್ಲದ ಕೈಗಳು ಎಳೆಯ ಕಾಯಿಯನ್ನು ಕಿತ್ತು, ಬಳ್ಳಿಯನ್ನು ತುಳಿದು, ಮಕ್ಕಳು ತಿಂದಷ್ಟು ತಿಂದು ಹೋಗುವ ನಷ್ಟವೂ ಲೆಕ್ಕದಲ್ಲಿರಬೇಕು. ಪ್ರವೇಶ ಶುಲ್ಕ ಪಡೆದು, ಅದನ್ನು ಖರೀದಿಯಲ್ಲಿ ಮುರಿದುಕೊಳ್ಳುವ ಕ್ರಮವೇ ಇದಕ್ಕೆ ಯೋಗ್ಯ. ಕೀಟನಾಶಕ ಸಿಂಪಡಿಸಿದ ಬಳಿಕ ಕೊಯ್ಲಿಗೆ ಕಾಯಬೇಕಾದ ದಿನಗಳ ಪಾಲನೆ ಇಲ್ಲಿ ಇಮ್ಮಡಿ ಮುಖ್ಯ. ಗ್ರಾಹಕ ಗಿಡದ ಬುಡದಲ್ಲಿಯೇ ಹಣ್ಣನ್ನು ಬಾಯಿಗಿಡುತ್ತಾನೆ.

ತೆರಿಗೆಯ ವಿಷಯದಲ್ಲಿಯೂ ಎಚ್ಚರ ಬೇಕು. ತಾಜಾ ಹಣ್ಣು ತರಕಾರಿಗೆ ಜಿಎಸ್‌ಟಿ ಇಲ್ಲ. ಆದರೆ ಪ್ರವೇಶ ಶುಲ್ಕ, ಊಟೋಪಚಾರಗಳು ಸೇವೆಗಳು. ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟಿದರೆ ನೋಂದಣಿಯ ಪ್ರಶ್ನೆ ಏಳುತ್ತದೆ. ಆ ಲೆಕ್ಕಕ್ಕೆ ತೆರಿಗೆಮುಕ್ತ ಮಾರಾಟವೂ ಸೇರುತ್ತದೆ. ಇಂಥ ಶುಲ್ಕವನ್ನು ಕೃಷಿ ಆದಾಯವೆಂದು ತೋರಿಸಿ ಆದಾಯ ತೆರಿಗೆಯಿಂದ ವಿನಾಯಿತಿ ಪಡೆಯುವುದೂ ಸುಲಭವಲ್ಲ. ಎರಡಕ್ಕೂ ಪ್ರತ್ಯೇಕ ಲೆಕ್ಕವಿಡುವುದು ಕ್ಷೇಮ.

ಇನ್ನು ವ್ಯಾಪಾರಿಗಳ ಆಕ್ಷೇಪ. ಬೆಳೆಗಾರನೂ ಗ್ರಾಹಕನೂ ನೇರವಾಗಿ ಕೈಕುಲುಕಿದರೆ ನಡುವಿನವರ ಗತಿಯೇನು? ಈ ಭೀತಿಗೆ ಆಧಾರ ಕಡಿಮೆ. ಭಾನುವಾರ ತೋಟಕ್ಕೆ ಬರುವ ಕುಟುಂಬ ವಾರದ ಉಳಿದ ದಿನಗಳಲ್ಲಿ ಅಂಗಡಿಗೇ ಹೋಗಬೇಕು. ಸಂದರ್ಶಕರು ಕೊಯ್ದು ಮುಗಿಸಲಾಗದ ಬೆಳೆ ಸಗಟು ವ್ಯಾಪಾರಿಗೆ, ಹಪ್ಪಳ, ಉಪ್ಪಿನಕಾಯಿ, ಐಸ್‌ಕ್ರೀಮ್ ತಯಾರಕರಿಗೆ ಸಿಗುವ ಸ್ಥಳೀಯ ಕಚ್ಚಾಸರಕು. ಮೂಲ್ಕಿಯ ಹಣ್ಣಿನ ವ್ಯಾಪಾರಿಯ ಮಗ ರಘುನಂದನ ಕಾಮತ್ 1984ರಲ್ಲಿ ಮುಂಬಯಿಯ ಜುಹುವಿನಲ್ಲಿ ತೆರೆದ ನ್ಯಾಚುರಲ್ಸ್ ಐಸ್‌ಕ್ರೀಮ್ ಅಂಗಡಿ ಬೆಳೆದದ್ದು ಹಣ್ಣಿನ ನಿಜವಾದ ರುಚಿಯ ಮೇಲೆಯೇ. ಹಣ್ಣಿನ ರಸ ಮತ್ತು ಜಾಮ್‌ಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ ಶೇ. 5ಕ್ಕೆ ಇಳಿದಿರುವುದು ಸಣ್ಣ ತಯಾರಕರಿಗೆ ಇನ್ನೊಂದು ಅನುಕೂಲ.

ನಿಜವಾದ ನಷ್ಟ ಇರುವುದು ಬೇರೆಡೆ. ಕೃಷಿಯಿಂದ ಆದಾಯವಿಲ್ಲವೆಂದು ಒಂದು ಕುಟುಂಬ ತೋಟವನ್ನು ನಿವೇಶನಗಳಾಗಿ ವಿಂಗಡಿಸಿ ಮಾರಿದರೆ, ನಗರಕ್ಕೆ ಸಮೀಪದ ಪೂರೈಕೆಯ ಮೂಲವೊಂದು ಶಾಶ್ವತವಾಗಿ ಬತ್ತುತ್ತದೆ. ಬಳಿಕ ಘಟ್ಟದ ಲಾರಿಗಳನ್ನು ಕಾಯುವುದೊಂದೇ ದಾರಿ. ಆದುದರಿಂದ ವಾಣಿಜ್ಯ ಸಂಸ್ಥೆಗಳು ತೋಟಗಾರಿಕೆ ಇಲಾಖೆಯೊಡನೆ ಸೇರಿ ನಗರದ ಸುತ್ತಲಿನ ಆಸಕ್ತ ಕುಟುಂಬಗಳ ಪಟ್ಟಿ ಮಾಡಿ, ಯಾವ ವಾರ ಯಾವ ತೋಟದಲ್ಲಿ ಯಾವ ಬೆಳೆ ಎಂಬ ತಿಳಿವಳಿಕೆ ಪತ್ರ ಹೊರಡಿಸಬೇಕು. ಮಿಕ್ಕ ಬೆಳೆಯನ್ನು ಕೊಳ್ಳುವ ತಯಾರಕರನ್ನು ಮುಂಚಿತವಾಗಿ ಗೊತ್ತುಪಡಿಸಬೇಕು. ಇದಕ್ಕೆ ತಗಲುವ ಖರ್ಚು ಅಲ್ಪ. ವ್ಯಾಪಾರಿ ಸಮುದಾಯವು ತೋಟದ ಕುಟುಂಬವನ್ನು ಪ್ರತಿಸ್ಪರ್ಧಿಯೆಂದು ಕಾಣದೆ ಪೂರೈಕೆದಾರನೆಂದು ಕಂಡರೆ ಲಾಭ ಎರಡೂ ಕಡೆಗಿದೆ.