‘ಸೋ-ಕಾಲ್ಡ್’ ಬರೆಯುವ ಮುನ್ನ

ಕಚೇರಿಯ ಇ-ಮೇಲ್‌ಗಳಲ್ಲಿ ನಾವು ಸಲೀಸಾಗಿ ಬಳಸುವ ಒಂದು ಜೋಡುಪದ ‘ಸೋ-ಕಾಲ್ಡ್’. ಅಕ್ಷರಶಃ ಅರ್ಥ ‘ಹಾಗೆಂದು ಕರೆಯಲಾಗುವ’. ಆದರೆ ಓದುವವರ ಕಿವಿಗೆ ಅದು ಅಷ್ಟಕ್ಕೇ ನಿಲ್ಲುವುದಿಲ್ಲ.

ಇಂಗ್ಲಿಷಿನಲ್ಲಿ ಈ ಗುಣವಾಚಕಕ್ಕೆ ಎರಡು ಮುಖ. ಹೊಸ ಹೆಸರೊಂದನ್ನು ಪರಿಚಯಿಸಲು ಅದನ್ನು ಬಳಸುವುದುಂಟು, ಅಲ್ಲಿ ಕುಹಕವಿಲ್ಲ. ಇನ್ನೊಂದು, ‘ಹೆಸರು ಹಾಗಿದೆ, ನಾನು ಒಪ್ಪುವುದಿಲ್ಲ’ ಎಂಬ ಧ್ವನಿ. 2012ರಲ್ಲಿ ಸರ್ನ್‌ನಲ್ಲಿ ಹಿಗ್ಸ್ ಬೋಸಾನ್ ಪತ್ತೆಯಾದಾಗ ಪತ್ರಿಕೆಗಳು ಅದನ್ನು ‘ದೇವಕಣ’ ಎಂದವು. ಆ ಹೆಸರು ಹಿಡಿಸದ ವಿಜ್ಞಾನಿಗಳು ಅದರ ಹಿಂದೆ ‘ಸೋ-ಕಾಲ್ಡ್’ ಸೇರಿಸಿದರೆ ಅದಕ್ಕೆ ಕಾರಣವಿದೆ. ದಿನಬಳಕೆಯಲ್ಲಿ ಈ ಎರಡನೆಯ ಅರ್ಥವೇ ಮೊದಲು ಹೊಳೆಯುತ್ತದೆ.

ನಮ್ಮ ತೊಡಕು ಇರುವುದು ಇಲ್ಲೇ. ಕನ್ನಡದ ‘ಎಂಬ’ ಪದಕ್ಕೆ ಯಾವ ವಿಷವೂ ಇಲ್ಲ. ‘ಮೈಸೂರು ಎಂಬ ಊರು’ ಎಂದರೆ ಯಾರಿಗೂ ನೋವಾಗದು. ಅದೇ ಲೆಕ್ಕದಲ್ಲಿ ಪುಣೆಯಲ್ಲೋ ಹೈದರಾಬಾದಿನಲ್ಲೋ ಕುಳಿತು ಸಹೋದ್ಯೋಗಿಯ ಕೆಲಸವನ್ನು ‘ಸೋ-ಕಾಲ್ಡ್ ಫೈನಲ್ ರಿಪೋರ್ಟ್’ ಎಂದು ಬರೆದರೆ, ಅವರು ಓದಿಕೊಳ್ಳುವುದು ‘ಫೈನಲ್ ಅಂತೆ ಫೈನಲ್!’ ಎಂದು. ಹಿಂದಿ, ಮರಾಠಿ ಬಲ್ಲವರಿಗೆ ‘ತಥಾಕಥಿತ’ದ ಚುಚ್ಚೂ ನೆನಪಾಗುತ್ತದೆ. ಎದುರಿಗಿದ್ದರೆ ಮುಖ ನೋಡಿ ಸರಿಪಡಿಸಬಹುದು. ಹತ್ತು ಜನರಿಗೆ ಪ್ರತಿ ಹೋದ ಇ-ಮೇಲ್‌ನಲ್ಲಿ ಅದು ಸಾಧ್ಯವಿಲ್ಲ.

‘ಅಲೆಜ್ಡ್’ ಜೊತೆಗೂ ಇದನ್ನು ಬೆರೆಸಬಾರದು. ‘ಲಂಚ ಪಡೆದರು ಎನ್ನಲಾದ ಅಧಿಕಾರಿ’ ಎಂದಾಗ ಕೃತ್ಯ ಇನ್ನೂ ಸಾಬೀತಾಗಿಲ್ಲ ಎಂದರ್ಥ. ‘ಸೋ-ಕಾಲ್ಡ್ ಅಧಿಕಾರಿ’ ಎಂದರೆ ಆತನ ಅಧಿಕಾರವನ್ನೇ ಅಲ್ಲಗಳೆದಂತೆ. ಒಂದು ಎಚ್ಚರಿಕೆಯ ಮಾತು, ಇನ್ನೊಂದು ಅವಮಾನ.

ಬರಹದ ನಿಯಮ ಸರಳ. ನಾಮಪದಕ್ಕೆ ಮೊದಲು ಬಂದಾಗ ನಡುವೆ ಅಡ್ಡಗೆರೆ ಬೇಕು. ‘ಹೀಗೆ ಕರೆಯಲು ಕಾರಣ ಇದು’ ಎಂದು ವಿವರಿಸುವಾಗ ಬೇಡ. ‘ಸೋ-ಕಾಲ್ಡ್’ ಹಾಕಿದ ಮೇಲೆ ಹೆಸರಿಗೆ ಮತ್ತೆ ಉದ್ಧರಣ ಚಿಹ್ನೆ ಹಾಕುವುದು ಅನಗತ್ಯ.

ಹೆಸರನ್ನಷ್ಟೇ ಹೇಳಬೇಕಿದ್ದರೆ ‘ಕಾಲ್ಡ್’ ಅಥವಾ ‘ನೋನ್ ಆ್ಯಸ್’ ಸಾಕು. ವರದಿಯ ಬಗ್ಗೆ ನಿಜಕ್ಕೂ ತಕರಾರಿದ್ದರೆ ಯಾವ ಪುಟದಲ್ಲಿ, ಯಾವ ಅಂಕಿ ತಪ್ಪು ಎಂದು ನೇರ ಬರೆಯೋಣ. ತಕರಾರಿಗೆ ಉತ್ತರ ಕೊಡಬಹುದು, ಕೊಂಕಿಗೆ ಕೊಡಲಾಗದು. ಪರಊರಿನಲ್ಲಿ ನಮ್ಮನ್ನು ಹೆಚ್ಚಿನವರು ಅರಿಯುವುದು ನಾವು ಬರೆದ ನಾಲ್ಕು ಸಾಲುಗಳಿಂದಲೇ. ಆಡದ ಕೊಂಕಿನ ಹೊಣೆ ನಮ್ಮ ತಲೆಗೆ ಬರುವುದು ಬೇಡ.