ಅಬ್ಬಾನ ಫೋನ್ ಪ್ರಯೋಗಶಾಲೆಯಲ್ಲ

ಹಳೆಯ ಫೋನಿಗೆ ಕಸ್ಟಮ್ ರಾಮ್ ಹಾಕುವುದು ನಮ್ಮ ತರಗತಿಯಲ್ಲಿ ಈಗ ದೊಡ್ಡ ಹುಚ್ಚು. ಅಂದರೆ, ಕಂಪನಿ ಕೊಟ್ಟ ಸಾಫ್ಟ್‌ವೇರ್ ತೆಗೆದು ಬೇರೆಯವರು ಸಿದ್ಧಪಡಿಸಿದ ಆಂಡ್ರಾಯ್ಡ್ ಹಾಕುವುದು. ನಾನೂ ಹಾಕಿದ್ದೇನೆ. ಆದ್ದರಿಂದಲೇ ಈ ನಾಲ್ಕು ಮಾತು.

ಈ ಕೆಲಸವೇ ತಪ್ಪು ಎಂದು ನಾನು ಹೇಳುವುದಿಲ್ಲ. ಕೆಲವು ವರ್ಷಗಳ ನಂತರ ಕಂಪನಿಗಳು ಅಪ್‌ಡೇಟ್ ನಿಲ್ಲಿಸುತ್ತವೆ. ಆಮೇಲೆ ಪತ್ತೆಯಾದ ಭದ್ರತಾ ದೋಷಗಳು ಫೋನಿನಲ್ಲಿ ಹಾಗೆಯೇ ಉಳಿಯುತ್ತವೆ. 2016ರ ಕೊನೆಯಲ್ಲಿ ಸಯನೋಜೆನ್‌ಮಾಡ್ ನಿಂತುಹೋದಾಗ, ಆ ಕೆಲಸವನ್ನು ಲಿನಿಯೇಜ್‌ಓಎಸ್ ಎಂಬ ಹೆಸರಿನಲ್ಲಿ ಸ್ವಯಂಸೇವಕರು ಮುಂದುವರಿಸಿದರು. ಕಂಪನಿ ಕೈಬಿಟ್ಟ ಎಷ್ಟೋ ಫೋನುಗಳಿಗೆ ಅದರಿಂದ ಹೊಸ ಆಂಡ್ರಾಯ್ಡ್ ಸಿಕ್ಕಿದೆ. ಪದೇಪದೇ ಫೋನ್ ಕೊಳ್ಳಲಾಗದ ನಮ್ಮಂಥ ಮನೆಗಳಿಗೆ ಇದು ಸಣ್ಣ ಉಪಕಾರವಲ್ಲ.

ನಾನು ಎಡವಿದ್ದು ಆಯ್ಕೆಯಲ್ಲಿ. ಅಬ್ಬಾ ಗೂಡ್ಸ್ ಆಟೋ ಓಡಿಸುತ್ತಾರೆ. ಕೊಪ್ಪ, ಶೃಂಗೇರಿ, ಎನ್.ಆರ್.ಪುರ, ಎಲ್ಲಿಂದ ಫೋನ್ ಬಂದರೂ ಹೊರಡುತ್ತಾರೆ. ಅವರ ಫೋನಿಗೆ ಒಂದು ಸ್ಥಿರ ಆವೃತ್ತಿ ಸಿಗುತ್ತಿತ್ತು. ನಾನು ಹಾಕಿದ್ದು ಇನ್ನೂ ಪರೀಕ್ಷೆಯಲ್ಲಿದ್ದ ಹೊಸ ಆವೃತ್ತಿ. ಕಾರಣ ಹೇಳಲು ನಾಚಿಕೆಯಾಗುತ್ತದೆ: ಅದರ ಐಕಾನ್‌ಗಳು ಚೆನ್ನಾಗಿದ್ದವು.

ಬೂಟ್‌ಲೋಡರ್ ಅನ್‌ಲಾಕ್ ಮಾಡಿದರೆ ಫೋನಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಅದು ಗೊತ್ತಿದ್ದು ಫೋಟೊಗಳನ್ನು ಬೇರೆ ಕಡೆ ಉಳಿಸಿದ್ದೆ. ಆದರೆ ಯಾರು ಎಷ್ಟು ಬಾಡಿಗೆ ಬಾಕಿ ಕೊಡಬೇಕೆಂದು ಅಬ್ಬಾ ಅದರಲ್ಲೇ ಬರೆದಿಟ್ಟಿದ್ದಾರೆಂದು ನನಗೆ ತಿಳಿದಿರಲಿಲ್ಲ. ನಾನು ಕೇಳಿರಲೂ ಇಲ್ಲ. ಮರುದಿನ ಕರೆ ಬಂದಾಗ ಅವರ ಧ್ವನಿ ಅತ್ತ ಕಡೆಯವರಿಗೆ ಕೇಳಿಸಲಿಲ್ಲ. ಹಣದ ಆ್ಯಪ್ ತೆರೆಯಲಿಲ್ಲ. ಸಾಫ್ಟ್‌ವೇರ್ ಬದಲಾದ ಫೋನನ್ನು ಇಂಥ ಆ್ಯಪ್‌ಗಳು ನಿರಾಕರಿಸುವುದುಂಟು, ಸ್ಥಿರ ಆವೃತ್ತಿಯಲ್ಲೂ ಹೀಗಾಗಬಹುದು. ಮೂರು ದಿನ ಅಬ್ಬಾನಿಗೆ ಬಾಡಿಗೆ ತಪ್ಪಿತು.

ಅಬ್ಬಾ ಬೈಯಲಿಲ್ಲ. "ಬಿಡು ಬೇಟಾ, ಕೊಡಬೇಕಾದವರಿಗೆ ನೆನಪಿರುತ್ತದೆ" ಎಂದರು. ಕೆಲವರಿಗೆ ನೆನಪಿತ್ತು.

ಲೆಕ್ಕಶಾಸ್ತ್ರದಲ್ಲಿ ನಾವೆಲ್ಲ ಓದಿದ್ದೇವೆ: ಬರಬಹುದಾದ ಲಾಭವನ್ನು ಮೊದಲೇ ಬರೆಯಬಾರದು, ಬರಬಹುದಾದ ನಷ್ಟಕ್ಕೆ ಮೊದಲೇ ಅವಕಾಶ ಮಾಡಿಡಬೇಕು. ಪರೀಕ್ಷೆಯಲ್ಲಿ ಅದನ್ನು ಬರೆದು ಅಂಕ ಪಡೆದವನು ಮನೆಯಲ್ಲಿ ಮರೆತೆ.

ಸ್ನೇಹಿತರೇ, ಮೂಲೆಯಲ್ಲಿ ಬಿದ್ದಿರುವ ಫೋನಿದ್ದರೆ ಏನು ಬೇಕಾದರೂ ಹಾಕಿ ಕಲಿಯಿರಿ. ಮನೆಯ ಅನ್ನ ನಡೆಸುವ ಫೋನಾದರೆ ಸ್ಥಿರ ಆವೃತ್ತಿಯೇ ಸಾಕು. ಅದೇ ಮಾಡೆಲ್‌ಗೆ ಹಾಕಿದವರನ್ನು ಕರೆ, ಹಣದ ಆ್ಯಪ್ ಸರಿಯಿದೆಯೇ ಎಂದು ವಿಚಾರಿಸಿ. ಕಂಪನಿಯ ಮೂಲ ಸಾಫ್ಟ್‌ವೇರ್ ಇಳಿಸಿಟ್ಟುಕೊಳ್ಳಿ. ಎಲ್ಲಕ್ಕಿಂತ ಮೊದಲು, ಫೋನ್ ಯಾರದೋ ಅವರನ್ನು ಕೇಳಿ: ಇದರಲ್ಲಿ ನಿಮ್ಮದು ಏನೇನಿದೆ?

ಈಗ ಅಬ್ಬಾನ ಫೋನಿನಲ್ಲಿ ಸ್ಥಿರ ಆವೃತ್ತಿ ಇದೆ. ಐಕಾನ್‌ಗಳು ಸಾಧಾರಣ, ಮಾತು ಸ್ಪಷ್ಟ. ಬಾಡಿಗೆ ಹಣ ಅಮ್ಮಿಯ ಖಾತೆಗೆ ಬರುತ್ತದೆ. ಬಾಕಿ ಲೆಕ್ಕ ಮಾತ್ರ ನನ್ನ ಹಳೆಯ ನೋಟ್‌ಪುಸ್ತಕದ ಉಳಿದ ಹಾಳೆಗಳಲ್ಲಿದೆ. ಅಬ್ಬಾ ಹೇಳುತ್ತಾರೆ, ನಾನು ಬರೆಯುತ್ತೇನೆ.